ಹದಿನಾಲ್ಕು ಸುತ್ತು

ಒಂಬತ್ತನೆಯ ಚೀಟಿ ಬಿಡಿಸುವವರೆಗೂ ಮಿಸ್ಸಿನ ದನಿಯಲ್ಲಿ ನಗು ಇತ್ತು. ಡುಮ್ಮಿ, ಅಳುಮುಂಜಿ, ಗಂಡುಬೀರಿ, ದಡ್ಡಿ, ಕಡ್ಡಿಪೈಲ್ವಾನ್, ಮತ್ತೊಂದು ಡುಮ್ಮಿ, ಬಾಯಿಬಡುಕಿ, ಕೋತಿ. ಒಂದೊಂದನ್ನೂ ಅವಳು ಗಟ್ಟಿಯಾಗಿ ಓದಿ ಮೇಲೆತ್ತಿ ಹಿಡಿಯುತ್ತಿದ್ದಳು, ಸುತ್ತ ಚಕ್ಕಳಮಕ್ಕಳ ಹಾಕಿ ಕೂತ ಹನ್ನೊಂದು ಹುಡುಗಿಯರು ಒಟ್ಟಿಗೆ “ಇದು ನಾನಲ್ಲ!” ಎಂದು ಮೈದಾನ ಹಾರಿಹೋಗುವಂತೆ ಕೂಗುತ್ತಿದ್ದರು, ಚೀಟಿ ಮುದ್ದೆಯಾಗಿ ನೀಲಿ ಬುಟ್ಟಿಗೆ ಬೀಳುತ್ತಿತ್ತು. ನಿಮ್ಮನ್ನು ಕೆಳಕ್ಕೆ ಎಳೆಯುವ ಒಂದು ಮಾತು ಬರೆಯಿರಿ, ಹೆಸರು ಹಾಕಬೇಡಿ ಎಂದು ಅವಳೇ ಹೇಳಿದ್ದಳು. ಒಂಬತ್ತನೆಯದರಲ್ಲಿ ‘ಪರವಾಗಿಲ್ಲ’ ಎಂದಿತ್ತು. ಅಷ್ಟೇ. ಪೆನ್ಸಿಲನ್ನು ಎಷ್ಟು ಒತ್ತಿದ್ದರೆಂದರೆ ಅಕ್ಷರ ಚೀಟಿಯ ಹಿಂಬದಿಗೂ ಮೂಡಿತ್ತು. ಅವಳು ಓದಿದಳು, ಓದಿ ನಕ್ಕಳು. “ಯಾರೇ ಇದು? ಪರವಾಗಿಲ್ಲ ಅನ್ನೋದೂ ಬೈಗುಳಾನಾ?” ಎಂದಳು. ಎಂದ ಮೇಲೆ ನೋಡಿದರೆ ಯಾರೂ ನಗುತ್ತಿರಲಿಲ್ಲ. ‘ಇದು ನಾನಲ್ಲ’ ಎಂದೂ ಯಾರೂ ಕೂಗಲಿಲ್ಲ. ಹತ್ತು ಜೊತೆ ಕಣ್ಣು ಮೊದಲು ಕಂಬದ ಬಳಿ ಕೂತ ಹುಡುಗಿಯ ಕಡೆ ಹೋದವು, ಆಮೇಲೆ ನೆಲಕ್ಕೆ ಇಳಿದವು. ಕಂಬದ ಬಳಿಯ ಹುಡುಗಿ ಮಾತ್ರ ನೆಲ ನೋಡಲಿಲ್ಲ, ನೆಟ್ಟಗೆ ಮಿಸ್ಸಿನ ಮುಖವನ್ನೇ ನೋಡುತ್ತಿದ್ದಳು. ಯಾರು ಬರೆದದ್ದೆಂದು ಯಾವ ಕಾರಣಕ್ಕೂ ಕೇಳಬಾರದು ಎಂದು ಶಿಬಿರದ ಕೈಪಿಡಿಯಲ್ಲಿತ್ತು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದವಳೂ ಇವಳೇ.

ಆ ಹುಡುಗಿಯ ಹೆಸರು ಫ್ಯಾನು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಮೈದಾನದಲ್ಲಿ ಅದಕ್ಕೆ ಪ್ರವೇಶವಿಲ್ಲ. ಹತ್ತು ವಾರದ ಓಟದ ಶಿಬಿರ ಇದು. ಎಂಟರಿಂದ ಹನ್ನೊಂದು ವರ್ಷದ ಹುಡುಗಿಯರು ವಾರಕ್ಕೆರಡು ಸಂಜೆ ಓಡುತ್ತ ಓಡುತ್ತ ತಮ್ಮನ್ನು ತಾವು ನಂಬುವುದನ್ನು ಕಲಿಯಬೇಕು, ಕೊನೆಯ ಭಾನುವಾರ ಊರವರ ಮುಂದೆ ಐದು ಕಿಲೋಮೀಟರ್ ಓಡಿ ಮುಗಿಸಬೇಕು. ಮೊದಲ ದಿನ ಪ್ರತಿಯೊಬ್ಬಳೂ ತನಗೆ ತಾನೇ ಒಂದು ಹೆಸರಿಟ್ಟುಕೊಳ್ಳಬೇಕಿತ್ತು. ಮಿಸ್ಸಿನ ಸ್ವಂತ ಮಗಳು, ಮನೆಯಲ್ಲಿ ಪುಟ್ಟಿ, ಇಲ್ಲಿ ‘ಮಿಂಚು’ ಆದಳು. ಮೈದಾನದಲ್ಲಿ ಅಮ್ಮ ಅನ್ನಬಾರದು, ಎಲ್ಲರಂತೆ ಮಿಸ್ ಅನ್ನಬೇಕು ಎಂದು ಮನೆಯಲ್ಲೇ ಕರಾರಾಗಿತ್ತು. ಚಿರತೆ ಬಂದಳು, ಬಿರುಗಾಳಿ ಬಂದಳು, ಇಬ್ಬರು ರಾಣಿಯರು ಜಗಳವಾಡಿ ಒಬ್ಬಳು ಮಹಾರಾಣಿಯಾದಳು. ಕೊನೆಗೆ ಉಳಿದ ಹುಡುಗಿ, ದೊಡ್ಡ ಶೂಗಳಿಗೆ ಮುಂದೆ ಬಟ್ಟೆ ತುರುಕಿಕೊಂಡಿದ್ದವಳು, “ಫ್ಯಾನು” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ಫ್ಯಾನ್ ಯಾಕಮ್ಮಾ?” ಎಂದು ಅವಳು ಕೇಳಿದ್ದಳು. “ಫ್ಯಾನು ಸುತ್ತುತ್ತಾನೇ ಇರುತ್ತಲ್ಲ ಮಿಸ್.” “ಕರೆಂಟ್ ಹೋದ್ರೆ?” ಎಂದಳು ಮಿಂಚು. ಮತ್ತೆ ನಗು. ಮಗಳ ಚುರುಕಿಗೆ ಅವಳೂ ನಕ್ಕಿದ್ದಳು. ನಕ್ಕು, ಆ ಹುಡುಗಿಯ ಬೆನ್ನು ತಟ್ಟಿ, “ಪರವಾಗಿಲ್ಲ, ಅದೇ ಇರಲಿ ಬಿಡು” ಎಂದಿದ್ದಳು. ಈಗ ನೆನಪಾಯಿತು. ಮೊದಲ ದಿನವೇ ಅಂದಿದ್ದಳು.

ಉಳಿದೆರಡು ಚೀಟಿಗಳನ್ನು ಏನೆಂದು ಓದಿದಳೋ ಅವಳಿಗೇ ತಿಳಿಯಲಿಲ್ಲ. ಒಂದು ಸುತ್ತು ಓಡಿ ಬನ್ನಿ ಎಂದು ಹುಡುಗಿಯರನ್ನು ಅಟ್ಟಿ, ಕಲ್ಲುಬೆಂಚಿನ ಮೇಲೆ ಕುಸಿದಳು. ಒಂಬತ್ತನೆಯ ಚೀಟಿ ಬುಟ್ಟಿಗೆ ಬಿದ್ದಿರಲಿಲ್ಲ, ಅಂಗೈಯಲ್ಲೇ ಒದ್ದೆಯಾಗುತ್ತಿತ್ತು. ಇದರಲ್ಲಿ ಬೈಗುಳ ಎಲ್ಲಿದೆ? ಈ ಪ್ರಶ್ನೆಯನ್ನು ಅವಳು ಹಿಂದೆ ಕೇಳಿದ್ದಳು, ಅಲ್ಲ, ಅವಳನ್ನು ಕೇಳಿದ್ದರು. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ತೊಳೆದ ತಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದಾಗ, ಅತ್ತೆ ಒಳಕೋಣೆಯಲ್ಲಿ ಫೋನಿನಲ್ಲಿ ಯಾರಿಗೋ “ಸೊಸೆನಾ? ಹೂಂ, ಪರವಾಗಿಲ್ಲ” ಎನ್ನುತ್ತಿದ್ದರು. ಹಾಳು, ಸೋಮಾರಿ, ಗಯ್ಯಾಳಿ ಎಂದಿದ್ದರೆ ಜಗಳವಾಡಬಹುದಿತ್ತು. ಪರವಾಗಿಲ್ಲ ಎಂದರೆ ಏನು ಮಾಡುವುದು? ತಟ್ಟೆಗಳನ್ನು ಗೂಡಿಗೆ ಜೋಡಿಸಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು. ಗಂಡ, “ಹೊಗಳಿದಾರಲ್ಲೇ! ಅದ್ರಲ್ಲಿ ಬೈಗುಳ ಎಲ್ಲಿದೆ?” ಎಂದು ನಿಜಕ್ಕೂ ಅರ್ಥವಾಗದೆ ಕೇಳಿದ್ದ. ಹನ್ನೆರಡು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದವಳು ತಾನು. ಯಾವಾಗ ಅದು ಹೊಟ್ಟೆಯಿಂದ ಬಾಯಿಗೆ ಬಂತು? ಕೊನೆಯವಳಾಗಿ ಬರುವ ಹುಡುಗಿಗೆ ಪರವಾಗಿಲ್ಲ, ಶೂ ಕಳಚಿಕೊಂಡು ನಿಂತವಳಿಗೆ ಪರವಾಗಿಲ್ಲ, ಮಂಗಳವಾರ... ಮಂಗಳವಾರವೂ ಅದೇ.

ಮಂಗಳವಾರ ಸುತ್ತೆಣಿಸುವ ದಿನ. ಒಂದೊಂದು ಸುತ್ತು ಮುಗಿದಾಗಲೂ ಒಂದು ರಬ್ಬರ್ ಬ್ಯಾಂಡ್ ತೆಗೆದುಕೊಂಡು ಕೈಗೆ ಹಾಕಿಕೊಳ್ಳಬೇಕು, ಸೀಟಿ ಊದಿದ ಮೇಲೆ ಎಲ್ಲರೂ ಕೈ ಚಾಚಬೇಕು. ಎಣಿಸುವುದೇ ಅವಳ ಕಸುಬು. ಹದಿನಾರು ವರ್ಷದಿಂದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತವಳು. ಯಂತ್ರ ಹೇಳಿದ್ದರ ಮೇಲೆ ಸಂಶಯ ಬಂದರೆ ಡಾಕ್ಟರುಗಳು ‘ಅವರ ಕೈಲಿ ಒಂದ್ಸಲ ಎಣಿಸಿಬಿಡಿ’ ಎನ್ನುತ್ತಿದ್ದರು. ಮಂಗಳವಾರ ಓಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಲ್ಯಾಬಿನಿಂದ ಹೊಸ ಹುಡುಗಿ ಫೋನ್ ಮಾಡಿದಳು, ಯಂತ್ರ ಒಂದು ಹೇಳುತ್ತಿದೆ, ಸ್ಲೈಡು ಒಂದು ಹೇಳುತ್ತಿದೆ, ಏನು ಮಾಡಲಿ ಎಂದು. “ನೀವೇ ತಗೊಳ್ತಾ ಇರಿ” ಎಂದು ರಬ್ಬರ್ ಬ್ಯಾಂಡಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಅವಳು ಗೇಟಿನವರೆಗೆ ಹೋದಳು, ಎರಡು ಮಾತು ಹೇಳಿದಳು, ಬಂದಳು, ಸೀಟಿ ಊದಿದಳು. ಮಿಂಚಿನ ಕೈಯಲ್ಲಿ ಹನ್ನೊಂದು, ಚಿರತೆಯ ಕೈಯಲ್ಲಿ ಹತ್ತು, ಮಹಾರಾಣಿ ಒಂಬತ್ತು. ಭೇಷ್, ಭೇಷ್. ಕೊನೆಗೆ ಫ್ಯಾನು ಕೈ ಚಾಚಿದಳು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಸಾಲಾಗಿ ಹದಿನಾಲ್ಕು.

“ಹದಿನಾಲ್ಕಾ? ನೀನಾ?” ಎಂದಿದ್ದಳು ಅವಳು.

“ಓಡಿದೆ ಮಿಸ್.”

“ಒಂದಿನಾನಾದ್ರೂ ಏಳಕ್ಕಿಂತ ಜಾಸ್ತಿ ಓಡಿದೀಯಾ?”

“ಸೀಟಿ ಊದಿಬಿಡ್ತೀರಲ್ಲ ಮಿಸ್” ಎಂದಳು ಫ್ಯಾನು.

ಅದೇನು ಉತ್ತರವೋ ಅವಳಿಗೆ ತಿಳಿಯಲಿಲ್ಲ, ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ. ಕೋಪ ಬಂದಿರಲಿಲ್ಲ, ಅದೇ ಈಗ ಹೆಚ್ಚು ಚುಚ್ಚುತ್ತಿರುವುದು. ಕರುಣೆ ಬಂದಿತ್ತು. ಪಾಪ, ಹಿಂದೆ ಬಿದ್ದ ಮಗು, ಆಸೆಗೆ ಹೀಗೆ ಮಾಡಿದೆ, ಇದನ್ನು ನಾಜೂಕಾಗಿ ತಿದ್ದಬೇಕು. ಆ ಚಿಕ್ಕ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೊಂದೇ ಬ್ಯಾಂಡನ್ನು ಬಿಡಿಸಿ ತೆಗೆದಿದ್ದಳು, ಗಟ್ಟಿಯಾಗಿ ಎಣಿಸುತ್ತ, ಒಂದು, ಎರಡು, ಮೂರು, ಏಳರವರೆಗೆ. ತೆಗೆದಲ್ಲೆಲ್ಲ ಚರ್ಮದ ಮೇಲೆ ಕೆಂಪು ಗೆರೆ ಉಳಿಯುತ್ತಿತ್ತು. “ಪರವಾಗಿಲ್ಲ. ತಪ್ಪು ಎಲ್ರೂ ಮಾಡ್ತಾರೆ. ಸುಮ್ನೆ ನಿಂತು ಒಪ್ಕೊಂಡ್ಲಲ್ಲ, ಅದೂ ಧೈರ್ಯಾನೇ. ಎಲ್ರೂ ಫ್ಯಾನಿಗೆ ಚಪ್ಪಾಳೆ ಹೊಡೀರಿ” ಎಂದಿದ್ದಳು. ಹುಡುಗಿಯರು ಚಪ್ಪಾಳೆ ಹೊಡೆದಿದ್ದರು. ಆ ಸಂಜೆ ಮನೆಯಲ್ಲಿ ಗಂಡನಿಗೆ, ಮಕ್ಕಳ ಮನಸ್ಸಿಗೆ ನೋವಾಗದ ಹಾಗೆ ತಿದ್ದೋದು ಒಂದು ಕಲೆ ಎಂದೂ ಹೇಳಿಕೊಂಡಿದ್ದಳು.

ಈಗ ಹುಡುಗಿಯರು ನೀರಿನ ಟ್ಯಾಂಕಿನ ಕಡೆಯ ತಿರುವಿನಲ್ಲಿದ್ದರು, ಕೊನೆಯಲ್ಲಿ ಫ್ಯಾನು, ಹೆಚ್ಚಿಲ್ಲ ಕಡಿಮೆಯಿಲ್ಲ, ಯಾವತ್ತಿನ ಅದೇ ವೇಗ. ಯಾಕೋ ಫೋನು ತೆಗೆದಳು. ಬೆರಳು ತಾನಾಗಿ ಮಂಗಳವಾರದ ಕರೆಗಳಿಗೆ ಹೋಯಿತು. ಲ್ಯಾಬು, ಒಳಬಂದ ಕರೆ, ಹದಿನೇಳು ನಿಮಿಷ. ಅವಳು ಎರಡು ಸಲ ಓದಿದಳು. ಹದಿನೇಳು ಸೆಕೆಂಡು ಇರಬೇಕೆಂದು ಮೂರನೇ ಸಲ ಓದಿದಳು. ಹದಿನೇಳು ನಿಮಿಷ. ಯಾವತ್ತೂ ಹದಿನೈದು ನಿಮಿಷಕ್ಕೆ ಸೀಟಿ ಊದುತ್ತಿದ್ದಳು. ಮಿಂಚು ಹತ್ತು ಸುತ್ತು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಸಾಕು, ಓಟ ಮುಗಿದಂತೆ. ಅಷ್ಟು ಹೊತ್ತಿಗೆ ಫ್ಯಾನು ಏಳು ಮುಗಿಸಿರುತ್ತಿದ್ದಳು. ಕರೆ ಬಂದಾಗ ಓಟ ಶುರುವಾಗಿ ಹದಿಮೂರು ನಿಮಿಷವಾಗಿತ್ತು, ಹಾಗಾದರೆ ಮಂಗಳವಾರ ಅರ್ಧ ಗಂಟೆ ಸೀಟಿಯೇ ಇರಲಿಲ್ಲ. ಹದಿನೈದಕ್ಕೆ ಏಳಾದರೆ ಮೂವತ್ತಕ್ಕೆ ಎಷ್ಟು? ಎರಡನೇ ಕ್ಲಾಸಿನ ಮಗು ಮಾಡುವ ಲೆಕ್ಕ. ಹದಿನಾಲ್ಕು. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಸೀಟಿ ಊದಿಬಿಡ್ತೀರಲ್ಲ ಮಿಸ್. ಆ ಮಗು ಇಡೀ ವಿವರಣೆಯನ್ನು ಮೂರು ಪದದಲ್ಲಿ ಕೊಟ್ಟಿತ್ತು. ಅದೇ ಫೋನಿನಲ್ಲಿ ಅದೇ ಹದಿನೇಳು ನಿಮಿಷ ಅವಳು ಲ್ಯಾಬಿನ ಹುಡುಗಿಗೆ ಏನು ಉಪದೇಶ ಮಾಡುತ್ತಿದ್ದಳೆಂಬುದೂ ನೆನಪಾಯಿತು: “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ಅಂದಾಜಲ್ಲಿ ಬರೀಬೇಡ, ಸ್ಲೈಡ್ ನೋಡು.” ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಫ್ಯಾನು ಅರ್ಧ ಗಂಟೆಯಲ್ಲಿ ಹದಿನಾಲ್ಕು ಓಡಿದ್ದರೆ ಮಿಂಚು ಇಪ್ಪತ್ತು ಓಡಬೇಕಿತ್ತು, ಚಿರತೆ ಹತ್ತೊಂಬತ್ತು. ಅವರ ಕೈಯಲ್ಲಿ ಇದ್ದದ್ದು ಹನ್ನೊಂದು, ಹತ್ತು. ಉಳಿದ ಹೊತ್ತು ಇವರೆಲ್ಲ ಎಲ್ಲಿದ್ದರು?

ಗೇಟಿನ ಪಕ್ಕ ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಅವಳು ಎದ್ದು ಹೋಗಿ, ಹವಾಮಾನ ವಿಚಾರಿಸುವಷ್ಟು ಸಹಜವಾಗಿ ಕೇಳಲು ನೋಡಿದಳು. “ಮಂಗಳವಾರ ನಾನು ಫೋನಲ್ಲಿದ್ದಾಗ ಹುಡುಗೀರು ಓಡ್ತಿದ್ರಾ?”

“ಮಂಗಳವಾರಾನಾ? ನೀವು ಇಲ್ಲೇ ನಿಂತು ಫೋನಲ್ಲಿ ಯಾರನ್ನೋ ತರಾಟೆಗೆ ತಗೊಳ್ತಿದ್ರಿ” ಎಂದ ವಾಚ್‌ಮನ್, ಕೀಲಿ ತಿರುಗಿಸಿ ನೋಡುತ್ತ. “ಅವು ನೀವು ಈ ಕಡೆ ಬಂದಿದ್ದೇ ತಡ ಟ್ಯಾಂಕಿನ ಹಿಂದೆ ಕೂತು ಹರಟೆ ಹೊಡೀತಿದ್ವು. ಮಧ್ಯೆ ಮಧ್ಯೆ ಎದ್ದು ಬೆಂಚಿನ ಹತ್ರ ಹೋಗೋದು, ಏನೋ ತಗೊಳ್ಳೋದು, ಬರೋದು. ಆ ಒಂದು ಮಗು ಮಾತ್ರ ಓಡ್ತಾನೇ ಇತ್ತು. ನಿಮ್ಮ ಬೆನ್ನ ಹಿಂದೇನೇ ಹೋಯ್ತಲ್ಲ ಮೇಡಂ, ಏಳೆಂಟು ಸಲ.”

“ನನ್ನ ಬೆನ್ನ ಹಿಂದೆ?”

“ಇಷ್ಟು ದೂರದಲ್ಲಿ” ಎಂದು ಅವನು ಎಣ್ಣೆಗೈಯನ್ನು ಚಾಚಿ ತೋರಿಸಿದ.

“ನೀವು ಒಂದು ಮಾತು ಹೇಳಬಾರದಿತ್ತಾ?”

ವಾಚ್‌ಮನ್ನಿಗೆ ಆಶ್ಚರ್ಯವಾಯಿತು. “ಎಣಿಸೋರು ನೀವಲ್ವಾ ಮೇಡಂ? ನಾನು ಕಾಯೋನು.”

ಅವಳು ಹಿಂದಿರುಗುವಷ್ಟರಲ್ಲಿ ಹುಡುಗಿಯರು ಓಡಿ ಬಂದು ಏದುಸಿರು ಬಿಡುತ್ತ ನಿಂತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಲ್ಲು ಬಿದ್ದ, ಬೆವರಿದ, ಜಡೆ ಬಿಚ್ಚಿದ ಮುಖಗಳು. ಇವರಿಗೆಲ್ಲ ಗೊತ್ತಿತ್ತು. ಈ ಹತ್ತು ಮಕ್ಕಳಿಗೂ ಗೊತ್ತಿತ್ತು, ಗೊತ್ತಿದ್ದೂ ಚಪ್ಪಾಳೆ ಹೊಡೆದರು. ಅವಳಿಗೆ ಹೆದರಿಕೆಯಾಯಿತು, ಹೌದು, ಹತ್ತು ವರ್ಷದ ಹುಡುಗಿಯರನ್ನು ಕಂಡು ಹೆದರಿಕೆ. ಈಗಲೇ ಹೇಳಿಬಿಡಬೇಕು, ಮಂಗಳವಾರ ತಪ್ಪು ಮಾಡಿದವಳು ಫ್ಯಾನು ಅಲ್ಲ, ನಾನು ಎಂದು. ಬಾಯಿ ತೆರೆದಳು. “ಎಲ್ರೂ ನೀರು ಕುಡೀರಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಇಲ್ಲಿರಬೇಕು. ನಂಬರ್ ಬಟ್ಟೆ ಮರೀಬೇಡಿ” ಎಂದಳು. ಊರಿನ ಮಕ್ಕಳಿಗೆಲ್ಲ ಧೈರ್ಯ ಹಂಚುವವಳ ಬಾಯಿಂದ ಬಂದದ್ದು ಇಷ್ಟು. ಹುಡುಗಿಯರು ಚೀಲ ಹೊತ್ತು ಗಲಗಲ ಎಂದು ಗೇಟಿನತ್ತ ಹೋದರು. ಬೆಂಚಿನ ಮೂಲೆಯಲ್ಲಿ ಒಂದು ನಂಬರಿನ ಬಟ್ಟೆ ಉಳಿದಿತ್ತು, ಇನ್ನೂರಾರು, ಎದೆಗೆ ಚುಚ್ಚಿಕೊಳ್ಳುವ ನಾಲ್ಕು ಪಿನ್ನೂ ಹಾಗೇ ಇತ್ತು. ಮರೆತು ಬಿಟ್ಟದ್ದಲ್ಲ. ನಾಲ್ಕು ಮಡಿಕೆ ಮಾಡಿ, ಹಾರದ ಹಾಗೆ ಮೇಲೊಂದು ಕಲ್ಲು ಇಟ್ಟಿದ್ದರು. ಇನ್ನೂರಾರು ಫ್ಯಾನಿನದು. ಅವಳು ಇನ್ನು ಓಡುವುದಿಲ್ಲ, ಭಾನುವಾರ ಮಾತ್ರವಲ್ಲ, ಬಹುಶಃ ಯಾರ ಸೀಟಿಗೂ ಓಡುವುದಿಲ್ಲ.

“ಪುಟ್ಟಿ, ಮಂಗಳವಾರ ನೀನೆಷ್ಟು ಓಡಿದೆ?”

“ಹನ್ನೊಂದು ಮಿಸ್” ಎಂದಳು ಮಗಳು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ.

“ಇಲ್ಲಿ ಯಾರೂ ಇಲ್ಲ. ಅಮ್ಮ ಅನ್ನು. ಎಷ್ಟು ಓಡಿದೆ?”

ಮುಚ್ಚಳ ಎರಡು ಸಲ ತಿರುಗಿತು. “ಎಂಟು.”

“ಫ್ಯಾನು?”

“ಅವಳು ಓಡಿದ್ಲು. ಎಲ್ಲಾ ಓಡಿದ್ಲು.”

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ನೀನು ಅವಳನ್ನ ಮಾತ್ರ ಕೇಳಿದೆ” ಎಂದಳು ಮಗಳು. “ಆಮೇಲೆ ಚಪ್ಪಾಳೆ ಹೊಡೀರಿ ಅಂದೆ. ಹೊಡೆದ್ವಿ.”

ಗರ ಬಡಿದವಳಂತೆ ಅವಳು ಮಗಳನ್ನು ನೋಡಿದಳು. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಇದೇ ಮಗು ತನ್ನ ಎದುರು ಕೂತಿತ್ತು, ತಿದ್ದುವ ಕಲೆಯ ಬಗ್ಗೆ ತಾನು ಕೊಚ್ಚಿಕೊಂಡದ್ದನ್ನು ಕೇಳಿತ್ತು, ತಲೆ ಬಗ್ಗಿಸಿ ಊಟ ಮುಗಿಸಿತ್ತು. ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು, ಎರಡಕ್ಕೂ ಕೈ ಏಳಲಿಲ್ಲ. “ನಡಿ” ಎಂದಳು. ನಂಬರಿನ ಬಟ್ಟೆಯನ್ನು ಕಲ್ಲಿನಡಿಯಿಂದ ಎತ್ತಿಕೊಂಡಳು, ರಬ್ಬರ್ ಬ್ಯಾಂಡಿನ ಡಬ್ಬಿ ಮಗಳ ಕೈಯಲ್ಲೇ ಇತ್ತು.

ಫ್ಯಾನಿನ ತಾಯಿ ಶಾಲೆಯ ಹಿಂದಿನ ರಸ್ತೆಯ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆಂದು ಹಾಜರಿ ಪುಸ್ತಕದಲ್ಲಿತ್ತು. ಒಳಗೆ ಹಬೆ, ಸೋಪಿನ ಘಾಟು, ಆಸ್ಪತ್ರೆಗಳ ಬಿಳಿ ಹಾಸುಬಟ್ಟೆಗಳ ರಾಶಿ. ಇಬ್ಬಿಬ್ಬರು ಹೆಂಗಸರು ಎದುರುಬದುರು ನಿಂತು, ತುದಿ ಹಿಡಿದು, ಕೊಡವಿ, ಹತ್ತಿರ ಬಂದು, ಮಡಿಚಿ, ಮತ್ತೆ ಹಿಂದೆ ಸರಿಯುತ್ತಿದ್ದರು. ತಾಯಿಯ ಜೊತೆಗಾತಿ ಆಗತಾನೇ ಹೊರಗೆ ಹೋಗಿದ್ದಳು. ಮಿಸ್ ತನ್ನ ಪರಿಚಯ ಹೇಳುತ್ತಿದ್ದಂತೆ ತಾಯಿ, “ಒಂಚೂರು ಹಿಡ್ಕೊಳ್ಳಿ ಮೇಡಂ, ನಿಂತ್ರೆ ಇಲ್ಲಿ ಬಯ್ತಾರೆ” ಎಂದು ಹಾಸುಬಟ್ಟೆಯ ಎರಡು ತುದಿಗಳನ್ನು ಅವಳ ಕೈಗೆ ಕೊಟ್ಟಳು. ಹೀಗೆ ಆ ಮಾತುಕತೆ ನಡೆದದ್ದು ಹಿಂದೆ ಸರಿದು, ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು, ಮತ್ತೆ ದೂರ ಸರಿದು. ದೂರ ನಿಂತಾಗ ಅವಳಿಗೆ ಹೇಳಲು ಸುಲಭವಾಗಿತ್ತು, ನಿಮ್ಮ ಮಗಳ ಮೇಲೆ ನಾನು ಸುಳ್ಳು ಹೊರಿಸಿದೆ, ಅವಳು ಓಡಿದ್ದಳು, ನಾನು ನೋಡಿರಲಿಲ್ಲ. ಹತ್ತಿರ ಬಂದಾಗ ತಾಯಿಯ ಕಣ್ಣು ಕಾಣುತ್ತಿತ್ತು, ಹಬೆಗೆ ಕೆಂಪಾದದ್ದು, ಅದರಲ್ಲಿ ಕೋಪ ಹುಡುಕಿದಳು, ಇರಲಿಲ್ಲ.

“ಪರವಾಗಿಲ್ಲ ಬಿಡಿ ಮೇಡಂ. ಮಕ್ಕಳ ವಿಷಯ” ಎಂದಳು ತಾಯಿ. “ಭಾನುವಾರ ಬರಲ್ಲ ಅಂತಿದಾಳೆ. ಕಾಲುನೋವಂತೆ. ಒತ್ತಾಯ ಮಾಡ್ಬೇಡಿ.”

ಹಾಸುಬಟ್ಟೆಯ ತುದಿ ಅವಳ ಕೈಯಿಂದ ಜಾರಿತು. ತಾಯಿ ಅದನ್ನು ಎತ್ತಿ ಕೊಡವಿ ಮತ್ತೆ ಕೊಟ್ಟಳು.

“ಮನೇಲಿದಾಳಾ? ನಾನು ಒಂದು ಮಾತಾಡಬೇಕಿತ್ತು.”

“ಮನೇಲಿ ಯಾರಿದಾರೆ ಇರೋಕೆ? ಈಗ ತಾನೇ ಬಂದು ಮುಖ ತೋರ್ಸಿ ಹೋದ್ಲು. ಗ್ರೌಂಡಲ್ಲೇ ಇರ್ತಾಳೆ, ಹಿಂದಿನ ಗೋಡೆ ಸಂದಿಲಿ ಹೋಗ್ತಾಳೆ. ನಂದು ಮುಗಿಯೋದು ಆರೂವರೆಗೆ. ಅಲ್ಲೀವರೆಗೂ ಓಡ್ತಿರ್ತಾಳೆ.”

“ದಿನಾ?”

“ಎರಡು ವರ್ಷ ಆಯ್ತು. ಮೊದಲು ಆ ಕಲ್ಲುಬೆಂಚಿನ ಮೇಲೆ ಕೂತಿರ್ತಿದ್ಲು. ಒಂದಿನ ಯಾವನೋ ಬಂದು ಪಕ್ಕದಲ್ಲಿ ಕೂತನಂತೆ, ಹೆಸರೇನು, ಮನೆ ಎಲ್ಲಿ ಅಂತ ಕೇಳಿದನಂತೆ. ದೇವರು ದೊಡ್ಡೋನು, ಏನೂ ಆಗ್ಲಿಲ್ಲ. ಅವತ್ತೇ ಹೇಳಿಬಿಟ್ಟೆ.” ತಾಯಿ ಮಡಿಕೆ ಹಿಡಿದು ಹತ್ತಿರ ಬಂದಳು. “ಕೂರ್ಬೇಡ, ನಿಲ್ಬೇಡ, ನಾನು ಬರೋವರೆಗೂ ಸುತ್ತುತ್ತಾ ಇರು. ಓಡೋ ಹುಡುಗಿನ ಯಾರೂ ಮಾತಾಡಿಸಲ್ಲ.”

ಮಡಿಚಿದ ಬಟ್ಟೆ ಅವಳ ಕೈಯಿಂದ ತಾಯಿಯ ಕೈಗೆ ಹೋಯಿತು. ಫ್ಯಾನು ಸುತ್ತುತ್ತಾನೇ ಇರುತ್ತಲ್ಲ ಮಿಸ್. ಬಿದ್ದು ಬಿದ್ದು ನಕ್ಕಿದ್ದರು, ಇವಳೂ ಸೇರಿ. ಹತ್ತು ವಾರ ಆ ಮಗುವಿಗೆ ಇವಳು ಓಡುವುದನ್ನು ಕಲಿಸಿದಳಂತೆ. ಉಸಿರು ಹೀಗೆ ಬಿಡು, ತೋಳು ಹೀಗೆ ಬೀಸು, ನಿನ್ನನ್ನು ನೀನು ನಂಬು, ಪರವಾಗಿಲ್ಲ, ಮುಂದಿನ ಸಲ ನೋಡೋಣ. ಅದು ಎರಡು ವರ್ಷದಿಂದ ಹೆದರಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ಮೈದಾನದಲ್ಲಿ ದಿನಾ ಒಂದು ಗಂಟೆಗೂ ಮಿಕ್ಕಿ ಓಡುತ್ತಿದೆ. ಹೋಗಿ ಬರ್ತೀನಿ ಎಂದಳೋ ಇಲ್ಲವೋ, ರಸ್ತೆಗೆ ಬಂದಾಗ ಮಗಳು ಅವಳ ಕೈ ಹಿಡಿದುಕೊಂಡಿದ್ದಳು.

ಗೋಡೆಯ ಸಂದಿಯಲ್ಲಿ ಮಗಳು ಸಲೀಸಾಗಿ ನುಸುಳಿದಳು, ಅವಳು ಭುಜ ತರಚಿಕೊಂಡು ನುಸುಳಿದಳು. ಬಿಸಿಲು ಇನ್ನೂ ಇತ್ತು. ಮುಂದಿನ ಗೇಟಿಗೆ ಬೀಗ ಬಿದ್ದಿತ್ತು, ವಾಚ್‌ಮನ್ ಇರಲಿಲ್ಲ. ಖಾಲಿ ಮೈದಾನದಲ್ಲಿ ಫ್ಯಾನು ಒಬ್ಬಳೇ ಓಡುತ್ತಿದ್ದಳು, ಬಟ್ಟೆ ತುರುಕಿದ ಶೂಗಳು ಮಣ್ಣಿನ ಮೇಲೆ ಟಪ್ ಟಪ್ ಎನ್ನುತ್ತಿದ್ದವು. “ಫ್ಯಾನು, ಒಂದು ನಿಮಿಷ ನಿಲ್ಲು” ಎಂದು ಅವಳು ಕೂಗಿದಳು. ಫ್ಯಾನು ನಿಲ್ಲಲಿಲ್ಲ. ಹತ್ತಿರ ಬಂದಳು, ನೋಡಿದಳು, ದಾಟಿ ಹೋದಳು. ಮೊದಲು ಅವಮಾನವಾಯಿತು, ಆಮೇಲೆ ಅರ್ಥವಾಯಿತು. ಯಾರು ಕರೆದರೂ ನಿಲ್ಲಬಾರದು ಎಂದು ಹೇಳಿಸಿಕೊಂಡ ಮಗು ಅದು. ಚಪ್ಪಲಿ ಕಳಚಿ ಬೆಂಚಿನಡಿ ತಳ್ಳಿ, ನಂಬರಿನ ಬಟ್ಟೆಯನ್ನು ಬೆಂಚಿನ ಮೇಲಿಟ್ಟು, ಮುಂದಿನ ಸುತ್ತಿಗೆ ಫ್ಯಾನು ಬಂದಾಗ ಅವಳೂ ಪಕ್ಕದಲ್ಲಿ ಓಡತೊಡಗಿದಳು. ಹತ್ತು ವಾರದಲ್ಲಿ ಅವಳು ಈ ಮೈದಾನದಲ್ಲಿ ಒಂದು ಸುತ್ತೂ ಓಡಿರಲಿಲ್ಲ. ಸೀಟಿ ಊದಿದ್ದಳು.

“ಮಂಗಳವಾರ... ನೀನು ಓಡಿದ್ದೆ” ಎಂದಳು, ಉಸಿರಿನ ಮಧ್ಯೆ ಜಾಗ ಹುಡುಕಿಕೊಂಡು.

“ಹೂಂ ಮಿಸ್.”

“ನಾನು ನೋಡಿರಲಿಲ್ಲ.”

“ಹೂಂ.”

“ತಪ್ಪು ನಂದು.”

ಟ್ಯಾಂಕು ಬಂತು, ಹೋಯಿತು. “ಎಲ್ಲರ ಮುಂದೆ ತೆಗೆದ್ರಿ” ಎಂದಳು ಫ್ಯಾನು ಆಮೇಲೆ, ಮುಂದೆ ನೋಡುತ್ತಲೇ.

“ಎಲ್ಲರ ಮುಂದೇನೇ ಹೇಳ್ತೀನಿ. ಭಾನುವಾರ. ನೀನು ಬಂದ್ರೂ ಹೇಳ್ತೀನಿ, ಬರದೇ ಇದ್ರೂ ಹೇಳ್ತೀನಿ.” ಅಷ್ಟು ಉದ್ದದ ಮಾತಿಗೆ ಉಸಿರೇ ಹೋಯಿತು. “ಇವತ್ತು... ಹದಿನಾಲ್ಕು ಓಡ್ತೀನಿ.”

ಮಗಳು ಬೆಂಚಿನ ಬಳಿ ಡಬ್ಬಿ ಹಿಡಿದು ನಿಂತಿದ್ದಳು, ಸುತ್ತು ಮುಗಿದಾಗಲೆಲ್ಲ ಅಮ್ಮನ ಕೈಗೆ ಬ್ಯಾಂಡು ಹಾಕುತ್ತಿದ್ದಳು. ಮೂರನೆಯ ಸುತ್ತಿಗೆ ಪಕ್ಕೆ ಹಿಡಿಯಿತು. ಐದನೆಯದಕ್ಕೆ ಅಂಗಾಲಿಗೆ ಕಲ್ಲು ಒತ್ತುವುದು ನಿಂತು ಬರೀ ಉರಿ ಉಳಿಯಿತು. ಆರಕ್ಕೋ ಏಳಕ್ಕೋ ಕಣ್ಣೆದುರು ಸ್ಲೈಡಿನ ಮೇಲಿನಂತೆ ಕೆಂಪು ಚುಕ್ಕೆಗಳು ಈಜಾಡಿದವು, ಎಣಿಸುವುದನ್ನು ಬಿಟ್ಟಳು. ಮಗಳ ಕೈ ಬಂದು ತನ್ನ ಕೈಗೆ ಏನೋ ತೊಡಿಸುವುದು ಮಾತ್ರ ತಿಳಿಯುತ್ತಿತ್ತು. ಕೊನೆಗೆ ಬೆಂಚಿನ ಬಳಿ ಮೊಣಕಾಲು ಹಿಡಿದು ಬಗ್ಗಿ ನಿಂತಾಗ ಬಾಯಲ್ಲಿ ಲೋಹದ ರುಚಿ ಇತ್ತು. ಪಕ್ಕದಲ್ಲಿ ಟಪ್ ಟಪ್ ಎನ್ನುವ ಸದ್ದೂ ನಿಂತಿತ್ತು. ಫ್ಯಾನು ನಿಂತಿದ್ದಳು, ಉಸಿರೂ ಏರಿರಲಿಲ್ಲ.

“ಒಂಬತ್ತು” ಎಂದಳು ಅವಳು, ಕೈಯ ಬ್ಯಾಂಡುಗಳನ್ನು ಎಣಿಸಿ.

“ಎಂಟು ಮಿಸ್.”

“ಇಲ್ಲಮ್ಮಾ, ನೋಡು. ಒಂಬತ್ತಿದೆ.”

“ಎಂಟು” ಎಂದಳು ಫ್ಯಾನು. “ನಾನು ಜೊತೇಲೇ ಇದ್ನಲ್ಲ.”

ಅವಳು ಮಗಳ ಕಡೆ ತಿರುಗಿದಳು. ಮಗಳು ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಅಳುತ್ತಿದ್ದಳು. “ನಿಂಗೆ ತುಂಬಾ ಸುಸ್ತಾಗ್ತಿತ್ತು ಅಮ್ಮ. ಅದಕ್ಕೇ ಒಂದ್ಸಲ ಎರಡು ಹಾಕ್ದೆ.”

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಹದಿನಾರು ವರ್ಷ ಎಣಿಸಿದ ಕೈ ಅದು. ತನ್ನ ಮಗಳು, ತನ್ನ ಡಬ್ಬಿ, ತನ್ನ ಮೇಲಿನ ಪ್ರೀತಿಗೇ ಹಾಕಿದ ಬ್ಯಾಂಡು. ಅದನ್ನು ಕಂಡು ಒಂಬತ್ತೂ ಓಡಿದೆನೆಂದೇ ಅವಳು ನಂಬಿದ್ದಳು. ಬೇರೆ ಏನೂ ತೋಚದೆ, ಮಂಗಳವಾರ ಫ್ಯಾನು ಚಾಚಿದಂತೆ ಕೈ ಚಾಚಿದಳು. ಫ್ಯಾನು ಆ ಕೈಯನ್ನು ಎಡಗೈಯಲ್ಲಿ ಹಿಡಿದಳು. ಒಂದೇ ಒಂದು ಬ್ಯಾಂಡನ್ನು, ಚರ್ಮ ಎಳೆಯದ ಹಾಗೆ, ಮೆಲ್ಲಗೆ ಬಿಡಿಸಿ ತೆಗೆದು ಮಿಂಚಿನ ಕೈಲಿದ್ದ ಡಬ್ಬಿಗೆ ಹಾಕಿದಳು. ಮಿಸ್ ಕಾಯುತ್ತಿದ್ದಳು. ಈಗ ಆ ಮಾತು ಬರಬೇಕು, ಯಾರಾದರೂ ಇಂಥ ಹೊತ್ತಿನಲ್ಲಿ ಅದನ್ನೇ ಹೇಳುತ್ತಾರೆ, ಆ ಮಗುವಿನ ತಾಯಿ ಹೇಳಿದಳು, ತಾನು ಸಾವಿರ ಸಲ ಹೇಳಿದ್ದೇನೆ. ತನಗೆ ಆ ಮಾತು ಎಷ್ಟು ಬೇಕಾಗಿದೆಯೆಂದು ತಿಳಿದು ಅವಳಿಗೇ ನಾಚಿಕೆಯಾಯಿತು. ಪರವಾಗಿಲ್ಲ ಮಿಸ್ ಎಂದುಬಿಟ್ಟರೆ ಸಾಕು, ಕೂತುಬಿಡಬಹುದು.

ಫ್ಯಾನು ಅದನ್ನು ಹೇಳಲಿಲ್ಲ.

“ಇನ್ನೂ ಆರು ಇದೆ ಮಿಸ್” ಎಂದಳು. “ಓಡಿ. ನಾನು ಎಣಿಸ್ತೀನಿ.”

ಅವಳು ಓಡಿದಳು. ಓಡಿದಳೆನ್ನುವುದು ದೊಡ್ಡ ಮಾತು, ಕಾಲೆಳೆದಳು. ಟ್ಯಾಂಕಿನ ತಿರುವಿಗೆ ಬಂದಾಗ, ಎಣಿಸುವವರು ನೋಡುತ್ತಿದ್ದಾರೋ ಇಲ್ಲವೋ ಎಂದು ಹಿಂದೆ ತಿರುಗಿದಳು. ಬೆಂಚಿನ ಬಳಿ ಮಗಳು ಇನ್ನೂ ನಿಂತೇ ಇದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ಫ್ಯಾನು ಇನ್ನೂರಾರು ನಂಬರಿನ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಲ್ಲುಬೆಂಚಿನ ಮೇಲೆ, ಎರಡೂ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು.